ಸುಣ್ಣದ ಡ್ರಮ್ಮು, ಮೈಲುತುತ್ತದ ಬಕೆಟ್ಟು

ನನ್ನ ಕನ್ನಡಕದ ಎಡಗಡೆ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಮೂರು ಬಿಳಿ ಚುಕ್ಕೆಗಳಿವೆ. ಆಫೀಸಿನಲ್ಲಿ ಯಾರಾದರೂ ಕೇಳಿದರೆ "ಸುಣ್ಣ" ಅಂತೀನಿ. ಮನೆಗೆ ಪೇಂಟ್ ಮಾಡಿಸಿರಬೇಕು ಅಂದ್ಕೊಂಡು ಸುಮ್ಮನಾಗ್ತಾರೆ. ಗಾಜು ಬದಲಾಯಿಸೋಕೆ ಅಂತ ಎರಡು ಸಲ ಅಂಗಡಿ ಬಾಗಿಲವರೆಗೂ ಹೋಗಿ ವಾಪಸ್ ಬಂದಿದ್ದೀನಿ. ಆ ಮೂರು ಚುಕ್ಕೆ ಗಾಜಿನ ಬದಲು ಬೇರೆ ಎಲ್ಲಿ ಬೀಳಬಹುದಿತ್ತು ಅನ್ನೋದು ನೆನಪಿರಲಿ ಅಂತ ಹಾಗೇ ಬಿಟ್ಟಿದ್ದೀನಿ.

ಕಳೆದ ವರ್ಷದ ಮೇ ತಿಂಗಳ ಕಥೆ ಇದು. ನಮ್ಮೂರು ತೀರ್ಥಹಳ್ಳಿ ಕಡೆ. ಒಂದೂವರೆ ಎಕರೆ ಅಡಿಕೆ ತೋಟ. ಅಡಿಕೆ ಬೆಳೆಯುವವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಒಂದು ಮಾತು: ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತೆ. ಎಳೇ ಕಾಯಿಗಳು ಕೊಳೆತು ಪಟಪಟ ಅಂತ ಉದುರುತ್ತವೆ. ಬೆಳಿಗ್ಗೆ ತೋಟಕ್ಕೆ ಹೋದರೆ ಕಾಲಿಟ್ಟಲ್ಲೆಲ್ಲ ಕಾಯಿ. ಅಜ್ಜನ ಕಾಲದವರು ಗೊನೆಗೆ ಹಾಳೆಯ ಕೊಟ್ಟೆ ಕಟ್ಟಿ ಮಳೆ ನೀರು ತಾಗದ ಹಾಗೆ ಕಾಪಾಡ್ತಿದ್ದರಂತೆ. ಈಗ ಮಳೆ ಹಿಡಿಯೋ ಮೊದಲು ಒಂದು ಸಲ, ಆಮೇಲೆ ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೀತೀವಿ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಅನ್ನೋ ವಿಜ್ಞಾನಿ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಅಂತ 1885ರಲ್ಲಿ ಲೋಕಕ್ಕೆ ತಿಳಿಸಿದ ಔಷಧಿ ಅದು. ಆಮೇಲೆ ಕಾಲು ಶತಮಾನ ಕಳೆಯೋದರೊಳಗೆ, ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆ ರೋಗವನ್ನ ಅಧ್ಯಯನ ಮಾಡಿ ಅಡಿಕೆಗೂ ಇದನ್ನೇ ಹೊಡೀಬಹುದು ಅಂತ ತೋರಿಸಿಕೊಟ್ಟರು. ಇವತ್ತಿಗೂ ಅದೇ ಪಾಕ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಟ್ಟ ಸುಣ್ಣ.

ಅಪ್ಪನಿಗೆ ಆಗಷ್ಟೇ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಧೂಳು, ಹೊಗೆ, ಸುಣ್ಣ ಯಾವುದರ ಹತ್ತಿರವೂ ಸುಳೀಬಾರದು ಅಂದಿದ್ದರು ಡಾಕ್ಟರ್. "ನಾನು ವರ್ಕ್ ಫ್ರಮ್ ಹೋಮ್ ತಗೊಂಡು ಬರ್ತೀನಿ, ನೀನು ಜಗಲಿ ಮೇಲೆ ಕೂತಿರು" ಅಂದೆ. ಔಷಧಿ ಹೊಡೆಯುವವರು ಸಿಗೋದೇ ಕಷ್ಟ. ಅವರು ಬರ್ತೀನಿ ಅಂದ ದಿನವೇ ನನಗೆ ಬೆಳಿಗ್ಗೆ ಹತ್ತೂವರೆಗೆ ಒಂದು ರಿಲೀಸ್ ಕಾಲ್. ಹತ್ತು ಗಂಟೆಗೆ 200 ಲೀಟರ್ ಡ್ರಮ್ಮಿನ ಔಷಧಿ ರೆಡಿಯಾಗಬೇಕು. ಅಂದರೆ ಎರಡು ಕೆಜಿ ಸುಣ್ಣ, ಎರಡು ಕೆಜಿ ಮೈಲುತುತ್ತ.

ಅಪ್ಪ ಮಾಡೋ ಕ್ರಮ ನನಗೆ ಚಿಕ್ಕಂದಿನಿಂದ ಗೊತ್ತು. ಹಿಂದಿನ ರಾತ್ರಿಯೇ ಮೈಲುತುತ್ತವನ್ನ ಬಟ್ಟೆಯಲ್ಲಿ ಗಂಟು ಕಟ್ಟಿ ಪ್ಲಾಸ್ಟಿಕ್ ಬಕೆಟ್ಟಿನ ನೀರಲ್ಲಿ ಇಳಿಬಿಡೋದು. ಬೆಳಿಗ್ಗೆ ಬೇರೆ ಡ್ರಮ್ಮಿನಲ್ಲಿ ಸುಣ್ಣ ಅರಳಿಸೋದು, ಅದಕ್ಕೆ ಬೇಕಾದಷ್ಟು ನೀರು ಸೇರಿಸಿ ಹಾಲಿನ ಹಾಗೆ ಮಾಡಿ ಆರೋಕೆ ಬಿಡೋದು. ಎರಡೂ ತಣ್ಣಗಾದ ಮೇಲೆ ಸುಣ್ಣದ ಹಾಲಿಗೆ ಮೈಲುತುತ್ತದ ನೀರನ್ನ ನಿಧಾನಕ್ಕೆ ಸುರೀತಾ ಕಲಕೋದು. ಒಂದು ಗಂಟೆಗೂ ಮೇಲಿನ ಕೆಲಸ. ನಾನು ಲೆಕ್ಕ ಹಾಕಿದೆ. ಕೊನೆಗೆ ಡ್ರಮ್ಮಿನಲ್ಲಿ ಇರೋದು ಸುಣ್ಣ, ಮೈಲುತುತ್ತ, 200 ಲೀಟರ್ ನೀರು. ಯಾವುದನ್ನ ಮೊದಲು ಹಾಕಿದರೇನು, ಯಾವುದನ್ನ ಆಮೇಲೆ ಹಾಕಿದರೇನು? ಎ ಪ್ಲಸ್ ಬಿ ಪ್ಲಸ್ ಸಿ. ಎರಡೂ ಗಟ್ಟಿ ಇರುವಾಗಲೇ ಬೆರೆಸಿ, ಮೋಟರ್ ಹಾಕಿ ಪೈಪಿನಿಂದ ನೀರು ತುಂಬಿಸಿದರಾಯ್ತು.

ಸುಣ್ಣದ ಹರಳುಗಳನ್ನ ಡ್ರಮ್ಮಿಗೆ ಸುರಿದೆ. ಮೇಲಿಂದ ಎರಡು ಚೊಂಬು ನೀರು ಹೊಯ್ದೆ. ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ. ಸುಣ್ಣ ಹಳೇದೇನೋ ಅಂತ ಬಗ್ಗಿ ನೋಡಿದೆ. ಅಲ್ಲೇ ಆಗಿದ್ದು ತಪ್ಪು. ಒಳಗಿಂದ 'ಚಟ್' ಅಂತ ಒಂದು ಸದ್ದು, ಹಿಂದೆಯೇ ಬುಸ್ ಅಂತ ಆವಿ, ಅದರ ಜೊತೆ ಕುದಿಯೋ ಸುಣ್ಣದ ತುಂತುರು. ಮೂರು ಹನಿ ಕನ್ನಡಕಕ್ಕೆ, ಒಂದು ಮುದ್ದೆ ಬಲಗೈ ಮಣಿಕಟ್ಟಿಗೆ.

ಪಕ್ಕದ ಮನೆಯವರು ಓಡಿ ಬಂದು "ನಿಂಬೆಹಣ್ಣು ಹಿಂಡಿ, ಸುಣ್ಣಕ್ಕೆ ಹುಳಿಯೇ ಮದ್ದು" ಅಂದರು. ಅಮ್ಮ ಯಾರ ಮಾತನ್ನೂ ಕೇಳದೆ ನನ್ನ ಕೈಯನ್ನ ನಲ್ಲಿ ಕೆಳಗೆ ಹಿಡಿದಳು. ಅರ್ಧ ಗಂಟೆ ಬಿಡಲಿಲ್ಲ. ಅಮ್ಮ ಮಾಡಿದ್ದೇ ಸರಿ. ಹುಳಿ ಸುಣ್ಣವನ್ನ ಸುಮ್ಮನಾಗಿಸುತ್ತೆ ನಿಜ, ಆದರೆ ಹಾಗೆ ಮಾಡುವಾಗ ಅದೂ ಶಾಖ ಬಿಡುತ್ತೆ. ಸುಟ್ಟ ಚರ್ಮದ ಮೇಲೆ ಇನ್ನೊಂದು ಬಿಸಿ ಯಾಕೆ? ಕಣ್ಣಿಗೇನಾದರೂ ಸುಣ್ಣ ಬಿದ್ದರೆ ಯಾವ ಮದ್ದನ್ನೂ ಹುಡುಕದೆ ತಕ್ಷಣ ಧಾರೆಯಾಗಿ ನೀರು ಬಿಡಬೇಕು, ಕನಿಷ್ಠ 20 ನಿಮಿಷ. ರೆಪ್ಪೆ ಎತ್ತಿ ಒಳಗೆ ಕೂತ ಹರಳು ಹೋಗೋ ಹಾಗೆ ತೊಳೆದು, ಆಮೇಲೆ ನೇರ ಆಸ್ಪತ್ರೆಗೆ. ಎಲೆ-ಅಡಿಕೆಗೆ ಅಂತ ಮನೆಯಲ್ಲಿರೋ ಸುಣ್ಣದ ಪ್ಯಾಕೆಟ್ಟನ್ನ ಮಕ್ಕಳು ಹಿಸುಕಿ ಕಣ್ಣು ಕಳಕೊಂಡ ಪ್ರಕರಣಗಳನ್ನ ಕಣ್ಣಿನ ಡಾಕ್ಟರುಗಳು ನೋಡ್ತಾನೇ ಇರ್ತಾರೆ. ಅದು ಅರಳಿದ ಸುಣ್ಣ, ಬಿಸಿ ಇಲ್ಲ. ಅದರ ಕ್ಷಾರವೇ ಸಾಕು.

ಕೈಗೆ ಬಟ್ಟೆ ಸುತ್ತಿಕೊಂಡು ನಾನು ಮಾಡಿದ ಎರಡನೇ ತಪ್ಪು ಕೇಳಿ. ಹತ್ತು ಗಂಟೆ ದಾಟಿತ್ತು. ಹತ್ತಿರ ಹತ್ತಿರ ಎಂಟು ಲೀಟರ್ ನೀರಿನಲ್ಲಿ ಇನ್ನೂ ಹೊಗೆಯಾಡ್ತಿದ್ದ ಸುಣ್ಣದ ಗಂಜಿಗೆ ಮೈಲುತುತ್ತದ ಗಟ್ಟಿ ನೀರನ್ನ ಸುರಿದೇಬಿಟ್ಟೆ. ಆಕಾಶ ನೀಲಿ ಬಣ್ಣ ಬರಬೇಕು. ಒಂದು ಕ್ಷಣ ಬಂತು ಕೂಡ. ಆಮೇಲೆ ನೋಡ್ತಾ ನೋಡ್ತಾ ಮಾಸಿ ಬೂದಿ ಬಣ್ಣಕ್ಕೆ, ಅಲ್ಲಲ್ಲಿ ಕಪ್ಪಿಗೆ ತಿರುಗಿತು. ನೀರು ತುಂಬಿಸಿ ಕಲಕಿದರೂ ಕಾಲು ಗಂಟೆಯಲ್ಲಿ ಎಲ್ಲ ತಳ ಸೇರಿತು. ನೀಲಿ ಔಷಧಿಯ ಗುಣ ಇರೋದೇ ಅದರ ನಯದಲ್ಲಿ. ಅದು ಬೆಣ್ಣೆ ಹಾಗೆ ಕಾಯಿಗೆ ಅಂಟಿ ಕೂತರೆ ಮಳೆಗೆ ತೊಳೆದು ಹೋಗಲ್ಲ. ಬಿಸಿಯಲ್ಲಿ ಬೆರೆಸಿದರೆ ಕಣ ದಪ್ಪ ಆಗುತ್ತೆ, ತಾಮ್ರದ ನೀಲಿ ಹೈಡ್ರಾಕ್ಸೈಡು ಕಪ್ಪು ಆಕ್ಸೈಡಾಗಿ ಒಡೆಯುತ್ತೆ. ಆ ಡ್ರಮ್ಮನ್ನ ಚೆಲ್ಲಿದೆವು. ಇನ್ನೊಂದು ಡ್ರಮ್ಮಿಗೆ ಮೈಲುತುತ್ತ ಇರಲಿಲ್ಲ. ಬಂದವರು ಬೇರೆ ತೋಟಕ್ಕೆ ಹೋದರು. ಮೂರನೇ ದಿನ ಮಳೆ ಹಿಡೀತು. ತೋಟದ ಕೆಳಗಿನ ಭಾಗಕ್ಕೆ ಔಷಧಿ ಬೀಳುವಾಗ ಜೂನ್ ಅರ್ಧ ಕಳೆದಿತ್ತು. ಆ ವರ್ಷ ಅಲ್ಲಿ ಉದುರಿದ ಕಾಯಿಯನ್ನ ಅಪ್ಪ ಬುಟ್ಟಿ ಬುಟ್ಟಿ ಹೆಕ್ಕಿ ತಂದು ಅಂಗಳದಲ್ಲಿ ಸುರೀತಿದ್ದ. ನನಗೆ ಒಂದು ಮಾತು ಬೈಲಿಲ್ಲ. ಬೈದಿದ್ದರೆ ಸಮಾಧಾನ ಇರ್ತಿತ್ತು.

ಇದನ್ನೆಲ್ಲ ಮತ್ತೆ ಕೆದಕಿದ್ದು ಈ ವರ್ಷ, ನನ್ನ ಅಕ್ಕನ ಮಗಳು ಪುಟ್ಟಿ. ಈ ಸಲ ಹತ್ತನೇ ಕ್ಲಾಸು. ರಜೆಯಲ್ಲಿ ಅಜ್ಜನ ಮನೆಗೆ ಬಂದವಳು ವಿಜ್ಞಾನದ ಪುಸ್ತಕವನ್ನೂ ಹೊತ್ತು ತಂದಿದ್ದಳು. ಮೊದಲನೇ ಪಾಠದಲ್ಲೇ ಸುಣ್ಣ. ನೀರು ಹಾಕಿದರೆ ಬಿಸಿಯಾಗುತ್ತೆ, ಹಾಗಾಗಿ ಅದು ಬಹಿರುಷ್ಣಕ ಕ್ರಿಯೆ. ಸುಣ್ಣದ ಕಲ್ಲನ್ನ ಕಾಯಿಸಿದರೆ ಸುಟ್ಟ ಸುಣ್ಣ ಆಗುತ್ತೆ, ಅದು ಅಂತರುಷ್ಣಕ.

"ಮಾವ, ಇದು ತಪ್ಪು ಪ್ರಿಂಟಾಗಿದೆ ಅಲ್ವಾ?"

"ಎಂತದು?"

"ಸುಣ್ಣದ ಗೂಡು ಕೆಂಡದ ಥರ ಬಿಸಿ ಇರತ್ತೆ. ಹತ್ರ ಹೋಗಕ್ಕೂ ಆಗಲ್ಲ. ಅದು ಹ್ಯಾಗೆ ಅಂತರುಷ್ಣಕ ಆಗತ್ತೆ? ಅಂತರುಷ್ಣಕ ಅಂದ್ರೆ ತಣ್ಣಗೆ ಆಗ್ಬೇಕಲ್ವಾ?"

ಮೊದಲು ನಾನು ಹೇಳಿದ್ದು, "ಶಾಖ ಹೀರಿಕೊಂಡರೆ ಅಂತರುಷ್ಣಕ, ಬಿಟ್ಟರೆ ಬಹಿರುಷ್ಣಕ, ಬರೆದುಕೋ." ಎಂಜಿನಿಯರಿಂಗ್ ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ನಾನು ಪಾಸಾಗಿದ್ದೇ ಈ ಒಂದು ಸಾಲಿನ ಮೇಲೆ. ಅವಳು ಬರೆದುಕೊಳ್ಳಲಿಲ್ಲ. ಮುಖ ಗಂಟು ಹಾಕಿಕೊಂಡು ಕೂತಳು. ಯೋಚಿಸಿದರೆ ಅವಳ ಪ್ರಶ್ನೆ ಪುಸ್ತಕದ ಉತ್ತರಕ್ಕಿಂತ ದೊಡ್ಡದು. ಗೂಡು ಬಿಸಿ, ಡ್ರಮ್ಮೂ ಬಿಸಿ. ಒಂದಕ್ಕೆ ಒಂದು ಹೆಸರು, ಇನ್ನೊಂದಕ್ಕೆ ಅದರ ವಿರುದ್ಧದ್ದು. ಯಾಕೆ?

ಯಾಕೆಂದರೆ ಗೂಡಿನಲ್ಲಿ ನಡೆಯೋದು ಒಂದಲ್ಲ, ಎರಡು ಕ್ರಿಯೆ. ಸೌದೆಯೋ ಕಲ್ಲಿದ್ದಲೋ ಉರೀತಿರೋದು ಬಹಿರುಷ್ಣಕ. ನಮ್ಮ ಮುಖಕ್ಕೆ ಹೊಡೆಯೋ ಬಿಸಿ ಅದರದ್ದು. ಪಕ್ಕದಲ್ಲಿ ಕೂತ ಕಲ್ಲು ಆ ಬಿಸಿಯನ್ನ ಕುಡೀತಿದೆ. ಬೆಂಕಿ ಆರಿಸಿದರೆ ಕಲ್ಲಿನ ಕೆಲಸವೂ ಅಲ್ಲಿಗೇ ನಿಲ್ಲುತ್ತೆ. ಅರ್ಧ ಬೆಂದ ಕಲ್ಲು ಅರ್ಧಕ್ಕೇ ಉಳಿಯುತ್ತೆ. ಸೌದೆ ಹಾಗಲ್ಲ, ಒಮ್ಮೆ ಹತ್ತಿಕೊಂಡರೆ ತನ್ನ ಬಿಸಿಯಿಂದ ತಾನೇ ಮುಂದುವರಿಯುತ್ತೆ. ಅಂದರೆ ಕೇಳಬೇಕಾದ್ದು "ಬಿಸಿ ಇದೆಯಾ?" ಅಂತ ಅಲ್ಲ, "ಈ ಕ್ರಿಯೆ ಶಾಖವನ್ನ ಕೊಡ್ತಿದೆಯಾ, ತಗೊಳ್ತಿದೆಯಾ?" ಅಂತ. ಸುಮಾರು 900 ಡಿಗ್ರಿ ಹತ್ತಿರ ಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನ ಬಿಡೋಕೆ ಶುರು ಮಾಡುತ್ತೆ. ಆಮೇಲೆ ಕೊಟ್ಟ ಶಾಖವೆಲ್ಲ ಆ ಅನಿಲವನ್ನ ಬಿಡಿಸೋದಕ್ಕೇ ಖರ್ಚು. ಕುದಿಯೋ ನೀರಿನ ಕೆಳಗೆ ಎಷ್ಟು ಉರಿ ಹೆಚ್ಚಿಸಿದರೂ ನೀರು 100 ಡಿಗ್ರಿ ದಾಟಲ್ಲವಲ್ಲ, ಹೆಚ್ಚುಕಮ್ಮಿ ಹಾಗೆ.

"ಆ ಶಾಖ ಎಲ್ಲಿ ಹೋಯ್ತು ಹಾಗಾದ್ರೆ?" ಅಂದಳು. ಇದು ಎರಡನೇ ಒಳ್ಳೇ ಪ್ರಶ್ನೆ.

ಇಲ್ಲಿ ನಮ್ಮಲ್ಲಿ ಬಹಳ ಜನ ಶಾಲೆಯಿಂದ ಹೊತ್ತು ತಂದಿರೋ ಒಂದು ತಪ್ಪು ಕಲ್ಪನೆ ಇದೆ. ನನಗೂ ಇತ್ತು. ಅಣುಗಳ ಬಂಧ ಮುರಿದರೆ ಶಕ್ತಿ ಹೊರಗೆ ಬರುತ್ತೆ ಅಂತ. ತೆಂಗಿನಕಾಯಿ ಒಡೆದರೆ ನೀರು ಬಂದ ಹಾಗೆ. ನಿಜ ಉಲ್ಟಾ. ಫ್ರಿಜ್ಜಿಗೆ ಅಂಟಿಸೋ ಎರಡು ಅಯಸ್ಕಾಂತ ತಗೊಳ್ಳಿ. ಬಿಡಿಸೋಕೆ ಕೈಗೆ ಶ್ರಮ ಆಗುತ್ತೆ. ಹತ್ತಿರ ಬಿಟ್ಟರೆ ಟಪ್ ಅಂತ ತಾವೇ ಕೂಡುತ್ತವೆ, ಆ ಸದ್ದೇ ಹೊರಗೆ ಬಂದ ಶಕ್ತಿ. ಬಂಧ ಬಿಡಿಸೋಕೆ ಯಾವಾಗಲೂ ಖರ್ಚು, ಬಂಧ ಕೂಡುವಾಗ ಯಾವಾಗಲೂ ಆದಾಯ. ಒಂದು ರಾಸಾಯನಿಕ ಕ್ರಿಯೆಯಲ್ಲಿ ಹಳೇ ಬಂಧ ಬಿಡುತ್ತವೆ, ಹೊಸವು ಕೂಡುತ್ತವೆ. ಆದಾಯ ಹೆಚ್ಚಾದರೆ ಉಳಿದದ್ದು ಶಾಖವಾಗಿ ಹೊರಗೆ: ಬಹಿರುಷ್ಣಕ. ಖರ್ಚು ಹೆಚ್ಚಾದರೆ ಸುತ್ತಮುತ್ತಲಿಂದ ಸಾಲ: ಅಂತರುಷ್ಣಕ. ಸೌದೆಗೂ ಮೊದಲು ಕಡ್ಡಿ ಗೀರಬೇಕಾಗೋದು ಇದಕ್ಕೇ. ಆದಾಯ ಬರೋ ವ್ಯಾಪಾರಕ್ಕೂ ಮೊದಲು ಸ್ವಲ್ಪ ಬಂಡವಾಳ ಹಾಕಬೇಕು.

ಸುಣ್ಣದ ಲೆಕ್ಕವನ್ನ ಪುಟ್ಟಿಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಕಿದೆವು. ಶುದ್ಧ ಸುಣ್ಣದ ಕಲ್ಲು 100 ಗ್ರಾಂ ಇದೆ ಅಂದ್ಕೊಳ್ಳಿ. ಗೂಡಿನಲ್ಲಿ ಅದು ಸುಮಾರು 178 ಕಿಲೋಜೂಲ್ ಶಾಖ ಕುಡಿದು, 44 ಗ್ರಾಂ ಅನಿಲ ಬಿಟ್ಟು, 56 ಗ್ರಾಂ ಸುಟ್ಟ ಸುಣ್ಣ ಆಗುತ್ತೆ. ಅದಕ್ಕೆ 18 ಗ್ರಾಂ ನೀರು ಸೇರಿದರೆ 74 ಗ್ರಾಂ ಅರಳಿದ ಸುಣ್ಣ. ಆಗ ಸುಮಾರು 65 ಕಿಲೋಜೂಲ್ ವಾಪಸ್. ಇದು ಡ್ರಮ್ಮಿನ ಬಿಸಿ. ಅದನ್ನ ಗೋಡೆಗೋ ಮರಕ್ಕೋ ಬಳಿದರೆ ಗಾಳಿಯಿಂದ ಅದೇ 44 ಗ್ರಾಂ ಅನಿಲವನ್ನ ನಿಧಾನಕ್ಕೆ ಹೀರಿ, ನೀರು ಬಿಟ್ಟು, ಮತ್ತೆ 100 ಗ್ರಾಂ ಕಲ್ಲಾಗುತ್ತೆ. ಆಗ ಹೊರಬೀಳೋದು ಸುಮಾರು 113 ಕಿಲೋಜೂಲ್.

65 ಮತ್ತು 113 ಕೂಡಿ ನೋಡಿ.

ಪುಟ್ಟಿ ಕೂಡಿದಳು, ಇನ್ನೊಂದು ಸಲ ಕೂಡಿದಳು, ಆಮೇಲೆ "ಹೇ!" ಅಂದಳು. ನನಗೂ ಮೊದಲ ಸಲ ಈ ಲೆಕ್ಕ ಕೂಡಿದಾಗ ಹಾಗೇ ಆಗಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಕೊಡ್ತೀವಲ್ಲ ಅಡ್ವಾನ್ಸು, ಅದರ ಹಾಗೆ ಗೂಡಿನಲ್ಲಿ ಕೊಟ್ಟಿದ್ದು ಎರಡು ಕಂತಿನಲ್ಲಿ ಪೂರ್ತಿ ವಾಪಸ್. ಪೇಂಟಿಂಗ್ ಚಾರ್ಜ್ ಅಂತ ಒಂದು ರೂಪಾಯಿ ಮುರಿದುಕೊಂಡಿಲ್ಲ, ಸುಣ್ಣ ಬಳಿದದ್ದಕ್ಕೂ ಸೇರಿಸಿ! (ಗೂಡಿನ ಗೋಡೆ, ಹೊಗೆಯ ಜೊತೆ ಹೋಗೋ ಬಿಸಿ ಬೇರೆ ಲೆಕ್ಕ. ಅದು ಬ್ರೋಕರ್ ಕಮಿಷನ್, ವಾಪಸ್ ಬರಲ್ಲ.)

ಇದನ್ನ ಕಾಕತಾಳೀಯ ಅಂದ್ಕೋಬೇಡಿ. ಜಿನೀವಾದಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದ ಹೆಸ್ ಅನ್ನೋರು ಗಂಧಕಾಮ್ಲಕ್ಕೆ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ನೀರು ಬೆರೆಸಿ, ಆಮೇಲೆ ಅಮೋನಿಯಾದಿಂದ ಶಮನ ಮಾಡಿ, ಪ್ರತಿ ಹಂತದ ಬಿಸಿಯನ್ನ ಅಳೆದರು. ಹಂತಗಳ ಬಿಸಿ ಬೇರೆ ಬೇರೆ, ಒಟ್ಟು ಮಾತ್ರ ಪ್ರತಿ ಸಲವೂ ಒಂದೇ. 1840ರಲ್ಲಿ ಅದನ್ನ ನಿಯಮವಾಗಿ ಪ್ರಕಟಿಸಿದರು. ಶುರು ಮತ್ತು ಕೊನೆ ಒಂದೇ ಆಗಿದ್ದರೆ, ಯಾವ ದಾರಿಯಲ್ಲಿ ಹೋದರೂ ಶಾಖದ ಒಟ್ಟು ಲೆಕ್ಕ ಬದಲಾಗಲ್ಲ.

ಇದನ್ನ ಪುಟ್ಟಿಗೆ ಹೇಳ್ತಾ ಹೇಳ್ತಾ ನನ್ನ ಮಾತು ನಿಂತುಹೋಯ್ತು. ಕಳೆದ ವರ್ಷ ನಾನು ಮಾಡಿದ ವಾದವೇ ಇದಲ್ಲವಾ? ಎ ಪ್ಲಸ್ ಬಿ ಪ್ಲಸ್ ಸಿ, ಯಾವ ಕ್ರಮದಲ್ಲಾದರೂ ಒಂದೇ. ಹೆಸ್ ನನ್ನ ಪರವಾಗಿಯೇ ಇದ್ದಾರೆ! ಎರಡು ಕೆಜಿ ಸುಣ್ಣ ಬಿಡೋ ಶಾಖ ಸುಮಾರು 2300 ಕಿಲೋಜೂಲ್. ಅಪ್ಪ ಅರಳಿಸಿದರೂ ಅಷ್ಟೇ, ನಾನು ಅರಳಿಸಿದರೂ ಅಷ್ಟೇ. ಆದರೆ ಆ ಶಾಖವನ್ನ 100 ಲೀಟರ್ ನೀರು ಹಂಚಿಕೊಂಡರೆ ಐದಾರು ಡಿಗ್ರಿ ಏರುತ್ತೆ, ಕೈ ಹಾಕಿದರೂ ಗೊತ್ತಾಗಲ್ಲ. ಎಂಟು ಲೀಟರ್ ಹಂಚಿಕೊಂಡರೆ ಸುಮಾರು 70 ಡಿಗ್ರಿ ಏರಿ 90ರ ಮೇಲೆ ಹೋಗುತ್ತೆ. ಎರಡು ಚೊಂಬು ನೀರಿನ ಮೇಲೆ ಪೂರ್ತಿ ಬಿದ್ದರೆ ಕುದಿದು ಆವಿಯಾಗಿ ಹಾರುತ್ತೆ, ಬಗ್ಗಿ ನೋಡೋನ ಮುಖಕ್ಕೆ. ಒಟ್ಟು ಒಂದೇ. ಎಷ್ಟು ನೀರಿಗೆ, ಎಷ್ಟು ಹೊತ್ತಿನಲ್ಲಿ ಅನ್ನೋದು ಹೆಸ್ ಅವರ ನಿಯಮದಲ್ಲಿ ಇಲ್ಲ. ತಾಮ್ರದ ನೀಲಿ ಉಳಿಯುತ್ತಾ, ಕಪ್ಪಾಗುತ್ತಾ ಅನ್ನೋದಂತೂ ಪೂರ್ತಿ ಅದರ ಮೇಲೇ ನಿಂತಿದೆ. ನನ್ನ ಕೋಡಿನಲ್ಲೂ ಎಷ್ಟೋ ಸಲ ಹೀಗಾಗಿದೆ. ಉತ್ತರ ಸರಿ, ಸರ್ವರ್ ಮಾತ್ರ ಬಿದ್ದಿದೆ.

ಇನ್ನು ಆ ಎರಡನೇ ಕಂತು, 113. ಅದು ಮೊದಲನೆಯದಕ್ಕಿಂತ ದೊಡ್ಡದು. ಆದರೂ ಸುಣ್ಣ ಬಳಿದ ಗೋಡೆ ಮುಟ್ಟಿ ಯಾರೂ ಕೈ ಸುಟ್ಟುಕೊಂಡಿಲ್ಲ. ನಮ್ಮಲ್ಲಿ ಬಿಸಿಲು ಬೀಳೋ ಕಡೆಯ ಅಡಿಕೆ ಮರಗಳ ಕಾಂಡಕ್ಕೆ ಸುಣ್ಣ ಬಳೀತೀವಿ, ಬಿಸಿಲಿಗೆ ಸಿಪ್ಪೆ ಸೀಳಬಾರದು ಅಂತ. ಮರವನ್ನ ತಂಪಾಗಿಡೋಕೆ ಬಳಿದ ಅದೇ ಸುಣ್ಣ ದಿನಗಟ್ಟಲೆ, ವಾರಗಟ್ಟಲೆ ಒಂದಿಷ್ಟೊಂದಿಷ್ಟೇ ಶಾಖ ಬಿಡ್ತಾ ಕಲ್ಲಾಗ್ತಿರುತ್ತೆ. ಬಹಿರುಷ್ಣಕ ಅಂದರೆ ಧಗಧಗ ಅಂತ ಆಗಲೇಬೇಕು ಅಂತೇನಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯೋದೂ ಬಹಿರುಷ್ಣಕವೇ, ಗೇಟು ಬಿಸಿಯಾಗಿದ್ದನ್ನ ಯಾರು ಕಂಡಿದ್ದಾರೆ?

ಇಷ್ಟು ಹೊತ್ತು ಕೇಳ್ತಿದ್ದ ಅಪ್ಪ ಜಗಲಿಯಿಂದ ಒಂದು ಮಾತು ಸೇರಿಸಿದ. "ಅದಕ್ಕೇ ಮಾರಾಯ, ಚೀಲ ಬಾಯಿ ಬಿಟ್ಟಿಟ್ಟ ಸುಣ್ಣ ತರಬಾರ್ದು. ನೀರು ಹಾಕಿದ್ರೆ ಬಿಸೀನೇ ಬರಲ್ಲ. ಸತ್ತ ಸುಣ್ಣ ಅದು." ಸರಿಯಾದ ಮಾತು. ಗಾಳಿಯ ತೇವ, ಗಾಳಿಯ ಅನಿಲ ಎರಡೂ ತಾಗಿ ಆ ಸುಣ್ಣದ ಎರಡೂ ಕಂತು ಅಂಗಡಿಯಲ್ಲೇ ತೀರಿಹೋಗಿರುತ್ತೆ. ಬಿಸಿ ಬಂತು ಅಂದರೆ ಅಡ್ವಾನ್ಸು ಇನ್ನೂ ಒಳಗಿದೆ ಅಂತ ಅರ್ಥ. ನಾನು ನಾಲ್ಕು ಹಾಳೆ ಲೆಕ್ಕ ಹಾಕಿ ತಲುಪಿದ ಜಾಗದಲ್ಲಿ ಅಪ್ಪ ಆಗಲೇ ಕೂತಿದ್ದ.

ಪುಟ್ಟಿಗೆ ಸುಣ್ಣದಲ್ಲಿ ಆಸಕ್ತಿ ಮುಗಿದಿತ್ತು. "ತಣ್ಣಗೆ ಆಗೋದು ತೋರ್ಸು" ಅಂದಳು. ನ್ಯಾಯವೇ. ಬಿಸಿಯಾಗೋದನ್ನ ಎಲ್ಲರೂ ತೋರಿಸ್ತಾರೆ.

ಮನೆಯಲ್ಲಿ ಸುಲಭದ್ದು ಹೊಟ್ಟೆ ಉಬ್ಬರಕ್ಕೆ ಕುಡಿಯೋ ಈನೋ. ಅಡುಗೆ ಸೋಡ ಮತ್ತು ನಿಂಬೆಯಲ್ಲಿರೋ ಸಿಟ್ರಿಕ್ ಆಮ್ಲ ನೀರಿನಲ್ಲಿ ಸೇರಿ ಬುಸುಗುಡುತ್ತವೆ. ನೋಡೋಕೆ ಕುದಿದ ಹಾಗೆ, ಮುಟ್ಟಿದರೆ ಲೋಟ ಮೊದಲಿಗಿಂತ ತಣ್ಣಗೆ. ಇದಕ್ಕಿಂತ ಒಳ್ಳೇ ಅಂತರುಷ್ಣಕ ಕ್ರಿಯೆ ಅಡುಗೆ ಮನೆಯಲ್ಲಿ ಸಿಗಲ್ಲ. ಇನ್ನೊಂದು ತೋಟದವರಿಗೆಲ್ಲ ಗೊತ್ತಿರೋದು, ಯೂರಿಯಾ. ಒಂದು ಕೆಜಿಯನ್ನ ಹತ್ತು ಲೀಟರ್ ನೀರಿನಲ್ಲಿ ಕರಗಿಸಿದರೆ ಐದು ಡಿಗ್ರಿಯಷ್ಟು ಇಳಿಯುತ್ತೆ, ಬಕೆಟ್ಟಿನ ಹೊರಗೆ ಬೆವರು ಮೂಡುತ್ತೆ. ಕಟ್ಟುನಿಟ್ಟಾಗಿ ಹೇಳಿದರೆ ಅದು ರಾಸಾಯನಿಕ ಕ್ರಿಯೆ ಅಲ್ಲ, ಬರೀ ಕರಗೋದು. ಪರೀಕ್ಷೆಯಲ್ಲಿ ಬರೀಬೇಡ ಅಂದೆ. ಶಾಖದ ಲೆಕ್ಕ ಮಾತ್ರ ಅದೇ. ಪೆಟ್ಲುಪ್ಪು ಕರಗಿದರೂ ನೀರು ಹೀಗೇ ತಣ್ಣಗಾಗುತ್ತೆ. ಅಕ್ಬರನ ಅರಮನೆಯಲ್ಲಿ ಕುಡಿಯೋ ನೀರನ್ನ ತಂಪು ಮಾಡ್ತಿದ್ದದ್ದು ಅದರಿಂದ ಅಂತ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ಮದ್ದಿನ ಪುಡಿಗೆ ಹಾಕೋ ಉಪ್ಪಿನಿಂದ ತಂಪು ನೀರು!

"ಯಾರೂ ಕಾಯಿಸ್ದೇನೇ ಅದು ಯಾಕೆ ಆಗತ್ತೆ? ನಷ್ಟದ ವ್ಯಾಪಾರ ತಾನೇ?"

ಮೂರನೇ ಪ್ರಶ್ನೆ. ಗೂಡಿನ ಕಲ್ಲಿಗೆ ಬೆಂಕಿ ಬೇಕಿತ್ತು, ಯೂರಿಯಾಕ್ಕೆ ಬೇಡ. ನಷ್ಟ ಆದರೂ ಕರಗುತ್ತೆ, ಯಾಕೆಂದರೆ ಪ್ರಕೃತಿ ನೋಡೋದು ಶಾಖದ ಪುಸ್ತಕ ಒಂದನ್ನೇ ಅಲ್ಲ. ಹರಳಿನಲ್ಲಿ ಸಾಲಾಗಿ ಕೂತಿದ್ದ ಕಣಗಳು ನೀರಿನಲ್ಲಿ ಬೇಕಾದ ಹಾಗೆ ಹರಡಿಕೊಳ್ಳೋಕೆ ಸಿಗೋ ಅವಕಾಶಕ್ಕೂ ಅಲ್ಲಿ ಬೆಲೆ ಇದೆ. ಶಾಲೆ ಬಿಟ್ಟ ಮಕ್ಕಳು ಸಾಲಿನಲ್ಲಿ ನಿಲ್ಲಲ್ಲವಲ್ಲ. ಸುಣ್ಣದ ಕಲ್ಲು 900 ಡಿಗ್ರಿಯಲ್ಲಿ ಬಿಟ್ಟುಕೊಡೋದಕ್ಕೂ ಇದೇ ಅರ್ಧ ಕಾರಣ. ಅಷ್ಟು ಬಿಸಿಯಲ್ಲಿ ಅನಿಲವಾಗಿ ಹಾರಿಹೋಗೋ ಸ್ವಾತಂತ್ರ್ಯದ ಬೆಲೆ ಏರಿರುತ್ತೆ. ಇದಕ್ಕೆ ಎಂಟ್ರೊಪಿ ಅಂತ ಹೆಸರು, ಪಿಯುಸಿಗೆ ಬಂದಾಗ ಹೇಳ್ತಾರೆ ಅಂದೆ. ನಿಜ ಹೇಳಬೇಕೆಂದರೆ ಪಿಯುಸಿಯಲ್ಲಿ ನನಗೂ ಹೇಳಿದ್ದರು.

ಮಾರನೇ ದಿನ ಔಷಧಿ ಹೊಡೆಯೋ ದಿನ. ರಜೆ ಹಾಕಿದ್ದೆ, ಕಾಲ್ ಇಲ್ಲ. ಬೆಂಗಳೂರಲ್ಲಿ ಕಾಫಿಯ ಹುಚ್ಚು ಹಿಡಿದಾಗ ಕೊಂಡಿದ್ದ ಒಂದು ಡಿಜಿಟಲ್ ಥರ್ಮೋಮೀಟರ್ ಬ್ಯಾಗಿನಲ್ಲಿತ್ತು. ಅದನ್ನ ಪುಟ್ಟಿಗೆ ಕೊಟ್ಟೆ. ಅವಳಿಗೆ ನನ್ನ ಹಳೇ ಹೆಲ್ಮೆಟ್ಟು, ಅದರ ಗಾಜು ಇಳಿಸಿ. ನೋಡಿದವರೆಲ್ಲ ನಕ್ಕರು. ನಗಲಿ.

ಈ ಸಲ ಮೈಲುತುತ್ತವನ್ನ ರಾತ್ರಿ ನೆನೆಸಿರಲಿಲ್ಲ, ಅವಳು ಅಳೀಲಿ ಅಂತ. ಹತ್ತು ಲೀಟರ್ ನೀರಿಗೆ ಎರಡು ಕೆಜಿ ಪುಡಿ ಹಾಕಿ ಕೋಲಿನಿಂದ ಕಲಕ್ತಾ ಕಲಕ್ತಾ ಥರ್ಮೋಮೀಟರ್ ನೋಡಿದಳು. 24 ಇದ್ದದ್ದು ಇಳೀತಾ ಒಂದೂವರೆ ಡಿಗ್ರಿ ಕಡಿಮೆ ಆಯ್ತು. ನಾನು ಇಷ್ಟು ವರ್ಷ ನೋಡಿದ ಬಕೆಟ್ಟು ಅದು, ತಣ್ಣಗಾಗುತ್ತೆ ಅಂತ ಗೊತ್ತೇ ಇರಲಿಲ್ಲ. ಇದರಲ್ಲಿ ಇನ್ನೊಂದು ಮೋಜಿದೆ. ನೀಲಿ ಹರಳನ್ನ ಬಾಣಲೆಯಲ್ಲಿ ಕಾಯಿಸಿದರೆ ಒಳಗಿನ ನೀರು ಹೋಗಿ ಬಿಳೀ ಪುಡಿ ಆಗುತ್ತೆ, ಶಾಖ ಕುಡಿದು. ಆ ಬಿಳೀ ಪುಡಿಗೆ ನೀರು ತಾಗಿದರೆ ಮತ್ತೆ ನೀಲಿ, ಆಗ ಬಿಸಿ. ಅದೇ ಮೈಲುತುತ್ತ, ಒಂದು ರೂಪದಲ್ಲಿ ನೀರನ್ನ ತಣ್ಣಗೆ ಮಾಡುತ್ತೆ, ಇನ್ನೊಂದರಲ್ಲಿ ಬಿಸಿ ಮಾಡುತ್ತೆ. ಅಡ್ವಾನ್ಸು ಕೊಟ್ಟಿದೆಯಾ ಇಲ್ಲವಾ ಅನ್ನೋದಷ್ಟೇ ವ್ಯತ್ಯಾಸ. (ಬಾಣಲೆ ಪ್ರಯೋಗ ಶಾಲೆಯ ಲ್ಯಾಬಿನಲ್ಲಿ ಮಾಡಲಿ, ಅಡುಗೆ ಮನೆಯಲ್ಲಿ ಬೇಡ. ಮೈಲುತುತ್ತ ವಿಷ.)

ಆಮೇಲೆ ಸುಣ್ಣ. ಡ್ರಮ್ಮಿಗೆ ಮೊದಲು 20 ಲೀಟರ್ ನೀರು. ಸುಣ್ಣದ ಹರಳುಗಳನ್ನ ಉದ್ದ ಹಿಡಿಯ ಸೌಟಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಟ್ಟೆ, ಮುಖ ಹೊರಗೆ. ನೀರಿನ ಮೇಲೆ ಸುಣ್ಣ, ಸುಣ್ಣದ ಮೇಲೆ ನೀರಲ್ಲ. ಗುಳುಗುಳು ಅಂತ ಸದ್ದು ಬಂತು, ಹಾರಲಿಲ್ಲ. ಪುಟ್ಟಿ ಥರ್ಮೋಮೀಟರನ್ನ ಕೋಲಿಗೆ ಕಟ್ಟಿ ಅದ್ದಿ ಅದ್ದಿ ಕೂಗ್ತಿದ್ದಳು. 24, 31, 38, 44. 47ರಲ್ಲಿ ನಿಂತಿತು. ಅವಳ ಲೆಕ್ಕದಲ್ಲಿ 50 ದಾಟಬೇಕಿತ್ತು. "ಸುಣ್ಣದಲ್ಲಿ ಕಲ್ಲು-ಮಣ್ಣೂ ಇರತ್ತೆ, ಡ್ರಮ್ಮಿನ ಹೊರಗೂ ಬಿಸಿ ಹೋಗತ್ತೆ" ಅಂತ ಅವಳೇ ಹೇಳಿಕೊಂಡಳು.

ನೀರು ಸೇರಿಸಿ 100 ಲೀಟರ್ ಮಾಡಿದೆವು. ಪೈಪು ಕೆಳಗಿಟ್ಟು ಇನ್ನೇನು ಮೈಲುತುತ್ತದ ಬಕೆಟ್ಟಿಗೆ ಕೈ ಹಾಕಬೇಕು, ಹಿಂದಿನಿಂದ ಅಪ್ಪನ ದನಿ.

"ಆರ್ತನಾ?"

ಪುಟ್ಟಿ ಅಳೆದಳು. 29. "ಇನ್ನೂ ಇಲ್ಲ ಅಜ್ಜ."

"ಹಂಗಾರೆ ಕಾಫಿ ಕುಡ್ದು ಬರ್ರಿ."

ಹೋದೆವು. ಅರ್ಧ ಗಂಟೆ ಬಿಟ್ಟು ಬಂದು ಬೆರೆಸಿದಾಗ ಬಣ್ಣ ಬಂತು, ನಿಂತಿತು. ಅಪ್ಪ ಸೊಂಟದ ಚಾಕು ತೆಗೆದು ಒರೆಸಿ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ಬಿಸಿಲಿಗೆ ಹಿಡಿದ. ಸುಣ್ಣ ಕಡಿಮೆ ಬಿದ್ದಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂತು ಕೆಂಪಾಗಬೇಕು. ಅಲಗು ಬೆಳ್ಳಗೇ ಇತ್ತು. ಹೆಲ್ಮೆಟ್ಟಿನ ಗಾಜಿನೊಳಗಿಂದ ಪುಟ್ಟಿ ಕೇಳಿದಳು, "ಕೆಂಪಾಗಿದ್ರೆ ಅದು ಬಹಿರುಷ್ಣಕವಾ, ಅಂತರುಷ್ಣಕವಾ?"

ಬಹಿರುಷ್ಣಕ. ಉತ್ತರ ಗೊತ್ತಿತ್ತು, ಹೇಳಲಿಲ್ಲ. ಥರ್ಮೋಮೀಟರ್ ಅವಳ ಕೈಯಲ್ಲೇ ಇತ್ತಲ್ಲ.